ಕೆನಡಾದ ಪಿಆರ್, ಭಾರತದ ಪಾಸ್‌ಪೋರ್ಟ್: ಅಮೆರಿಕದ ವಿಸಿಟರ್ ವೀಸಾಕ್ಕೆ ಮುಂಬೈಯಲ್ಲಿ ಅರ್ಜಿ ಹಾಕಬಹುದೇ?

ಡೊಂಬಿವಲಿಯ ಧಾರವಾಡದವಳು

ಎಲ್ಲರಿಗೂ ನಮಸ್ಕಾರ. ಹುಟ್ಟೂರು ಧಾರವಾಡ, ಬೆಳೆದದ್ದು ಡೊಂಬಿವಲಿ ಪೂರ್ವದಲ್ಲಿ, ಸಂಸಾರ ಹೂಡಿದ್ದು ಕೆನಡಾದ ಮಿಸಿಸಾಗಾದಲ್ಲಿ. 2018ರಲ್ಲಿ ಯಜಮಾನರ ಕೆಲಸದ ಮೇಲೆ ಹೋದೆವು. 2021ರ ಮೇ ತಿಂಗಳಲ್ಲಿ ನಮ್ಮಿಬ್ಬರಿಗೂ ಮಗನಿಗೂ ಪಿಆರ್, ಅಂದರೆ ಅಲ್ಲಿನ ಖಾಯಂ ನಿವಾಸದ ಹಕ್ಕು, ಆಯಿತು. ನಾನು ಅಲ್ಲಿನ ಒಂದು ಔಷಧ ಗೋದಾಮಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಅಮ್ಮ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯ ಮರುದಿನವೇ ನಾನು ಬಂದೆ. ಸಂಬಳವಿಲ್ಲದ ರಜೆ ನಾಲ್ಕು ತಿಂಗಳು. ಫೆಬ್ರುವರಿಯ ಕೊನೆಗೆ ಕೆಲಸಕ್ಕೆ ಹಾಜರಾಗಬೇಕು. ಅಮ್ಮ ಈಗ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ.

ಅಕ್ಕ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ. ಅವಳ ಮಗಳ ಮದುವೆ 2026ರ ಜೂನ್ 20, ಶನಿವಾರ. ಅಮ್ಮನಿಗೆ ಅಷ್ಟು ದೂರದ ಪ್ರಯಾಣ ಆಗದ ಮಾತು. ಮೊಮ್ಮಗಳಿಗೆಂದು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಾಳೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಿಟಕಿಯ ಬಿಸಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು, ಸೊಂಟದ ಹಿಂದೆ ದಿಂಬು ಇಟ್ಟುಕೊಂಡು, ಕಪ್ಪು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸುತ್ತಾಳೆ. ಗೋಪುರ, ತೇರು ಮುಗಿದಿವೆ, ಆನೆಯ ಸಾಲು ಅರ್ಧಕ್ಕೆ ಬಂದಿದೆ. ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆ ಮುಂಬದಿಯಲ್ಲಿ ಹೇಗೋ ಹಿಂಬದಿಯಲ್ಲೂ ಹಾಗೆಯೇ ಕಾಣಬೇಕು. ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕುತ್ತಾಳೆ. ಈ ಸೀರೆಯನ್ನು ನಾನೇ ಒಯ್ದು ಹುಡುಗಿಯ ಕೈಗೆ ಕೊಡಬೇಕು ಎಂದು ಹಟ ಹಿಡಿದಿದ್ದಾಳೆ.

ಯಜಮಾನರೂ ಮಗನೂ 2024ರಲ್ಲಿ ಕೆನಡಾದ ಪೌರತ್ವ ಪಡೆದರು. ಅವರಿಗೆ ಅಮೆರಿಕಕ್ಕೆ ಹೋಗಲು ವೀಸಾ ಬೇಡ. ನಾನು ಪೌರತ್ವ ತೆಗೆದುಕೊಳ್ಳಲಿಲ್ಲ. ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡರಾಯಿತಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಮ್ಮ ಇರುವಷ್ಟು ದಿನ ಈ ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ. ಅದರ ಬಗ್ಗೆ ಬುದ್ಧಿವಾದ ಬೇಡ, ದಯವಿಟ್ಟು.

ನನ್ನ ಗೊಂದಲ ಇಷ್ಟು. ಅರ್ಜಿಯನ್ನು ಮುಂಬೈಯಲ್ಲಿ ಹಾಕಲೇ, ಹಿಂದಿರುಗಿದ ಮೇಲೆ ಟೊರಾಂಟೊದಲ್ಲಿ ಹಾಕಲೇ? ಠಾಣೆಯ ಏಜೆಂಟರೊಬ್ಬರು, "ಪಿಆರ್ ವಿಷಯವನ್ನೇ ಎತ್ತಬೇಡಿ, ಡೊಂಬಿವಲಿಯ ಫ್ಲ್ಯಾಟು ತೋರಿಸಿ, ಇಲ್ಲಿಯವರೇ ಎಂದು ಬರೆಯಿರಿ" ಎನ್ನುತ್ತಾರೆ. ಇನ್ನೊಬ್ಬರು, "ಪಿಆರ್ ಇದ್ದವರಿಗೆ ಮುಂಬೈಯಲ್ಲಿ ಕೊಡುವುದೇ ಇಲ್ಲ" ಎನ್ನುತ್ತಾರೆ. ಇನ್ನೂ ಒಂದಿದೆ. 2006ರಲ್ಲಿ, ಮದುವೆಗೆ ಮುಂಚೆ, ಅಕ್ಕನ ಎರಡನೆಯ ಬಾಣಂತನಕ್ಕೆಂದು ಅರ್ಜಿ ಹಾಕಿದ್ದೆ. ವೀಸಾ ಸಿಗಲಿಲ್ಲ, 214(ಬಿ) ಎಂದು ಬರೆದ ಹಾಳೆಯೊಂದು ಸಿಕ್ಕಿತು. ಇಪ್ಪತ್ತು ವರ್ಷದ ಹಳೆಯ ಮಾತು, ಹೇಳುವ ಅಗತ್ಯವಿಲ್ಲ ಎಂಬುದೂ ಆ ಏಜೆಂಟರ ಸಲಹೆಯೇ. ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಈ ದಾರಿಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಮಾಟುಂಗಾದ ನಿವೃತ್ತ

ತಂಗೀ, ತಾಯಿಯವರು ಬೇಗ ವಾಕರ್ ಬಿಟ್ಟು ನಡೆಯುವಂತಾಗಲಿ. ನಾನು ಫೋರ್ಟಿನ ಒಂದು ಟ್ರಾವೆಲ್ ಕಚೇರಿಯಲ್ಲಿ 29 ವರ್ಷ ವೀಸಾ ಅರ್ಜಿ ತುಂಬಿದವನು. ಅಮೆರಿಕದ ಕಾನ್ಸುಲೇಟ್ ಬ್ರೀಚ್ ಕ್ಯಾಂಡಿಯ ಲಿಂಕನ್ ಹೌಸ್‌ನಲ್ಲಿದ್ದಾಗ, ಮಳೆಯಲ್ಲಿ ಕೊಡೆ ಹಿಡಿದು ಎಷ್ಟೋ ಮಂದಿಯ ಜೊತೆ ಸಾಲಿನಲ್ಲಿ ನಿಂತಿದ್ದೇನೆ. 2011ರಲ್ಲಿ ಅದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಬಂತು. ಹಾಗಾಗಿ ಅಂದಾಜಿನ ಮೇಲೆ ಮಾತಾಡುತ್ತಿಲ್ಲ.

ನಿಮಗೆ ಎರಡೂ ಕಡೆ ಅವಕಾಶವಿದೆ. 2025ರ ಸೆಪ್ಟೆಂಬರ್ 6ರ ಪ್ರಕಟಣೆಯ ಪ್ರಕಾರ ವಿಸಿಟರ್ ವೀಸಾ ಕೇಳುವವರು ತಮ್ಮ ಪೌರತ್ವದ ದೇಶದಲ್ಲಿ ಅಥವಾ ವಾಸದ ದೇಶದಲ್ಲಿ ಸಂದರ್ಶನಕ್ಕೆ ಹೋಗಬೇಕು. ಬೇರೆಲ್ಲೋ ಬೇಗ ದಿನ ಸಿಗುತ್ತದೆಂದು ಮೂರನೆಯ ದೇಶಕ್ಕೆ ಓಡುವುದು ಈಗ ನಡೆಯುವುದಿಲ್ಲ. ನೀವು ಭಾರತದ ಪ್ರಜೆ, ಆದ್ದರಿಂದ ಮುಂಬೈ ಸರಿ. ಕೆನಡಾದ ವಾಸಿ, ಆದ್ದರಿಂದ ಟೊರಾಂಟೊ ಕೂಡ ಸರಿ. ಪಿಆರ್ ಇದ್ದವರಿಗೆ ಮುಂಬೈಯಲ್ಲಿ ಕೊಡುವುದಿಲ್ಲ ಎಂಬುದು ಬರೀ ಗಾಳಿಮಾತು. ವೀಸಾದ ಅವಧಿಯೂ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ನಿಂತಿದೆ. ಭಾರತೀಯರಿಗೆ ಬಿ1/ಬಿ2, ಅಂದರೆ ಈ ವಿಸಿಟರ್ ವೀಸಾ, ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ, ಅರ್ಜಿ ಎಲ್ಲಿ ಹಾಕಿದರೂ ಅಷ್ಟೇ. ಆದರೆ ಶುಲ್ಕ ಕಟ್ಟುವ ಮೊದಲು ಎಲ್ಲಿ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. 185 ಡಾಲರ್, ಅದನ್ನು ಹಿಂದಿರುಗಿಸುವುದಿಲ್ಲ. ಒಂದು ದೇಶದಲ್ಲಿ ಕಟ್ಟಿದ್ದನ್ನು ಇನ್ನೊಂದು ದೇಶಕ್ಕೆ ವರ್ಗಾಯಿಸಲೂ ಆಗುವುದಿಲ್ಲ.

ಈಗ ಏಜೆಂಟರ ಮಾತು. ನಾನು ಶಾಂತ ಸ್ವಭಾವದವನು, ಆದರೂ ಅದನ್ನು ಓದಿ ಸಿಟ್ಟು ಬಂತು. ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಯಲ್ಲಿ, ನಿಮ್ಮ ರಾಷ್ಟ್ರೀಯತೆಯ ದೇಶವಲ್ಲದೆ ಬೇರೆ ದೇಶದ ಖಾಯಂ ನಿವಾಸಿಯೇ ಎಂದು ನೇರವಾಗಿ ಕೇಳುವ ಪ್ರಶ್ನೆಯೇ ಇದೆ. ಹಿಂದೆ ಎಂದಾದರೂ ಅಮೆರಿಕದ ವೀಸಾ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಯೂ ಇದೆ. ಎರಡಕ್ಕೂ ಹೌದು ಎಂದೇ ಬರೆಯಿರಿ. ಹಳೆಯ ನಿರಾಕರಣೆಯನ್ನು ಅವರು ಮನ್ನಿಸಬಲ್ಲರು. ವೀಸಾಕ್ಕಾಗಿ ಮುಖ್ಯ ಸಂಗತಿಯನ್ನು ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಬಾಗಿಲು ಜೀವಮಾನವಿಡೀ ಮುಚ್ಚಬಹುದು, ಕಾಯ್ದೆಯೇ ಅಷ್ಟು ಬಿಗಿ. ನಾಳೆ ಆ ಏಜೆಂಟರು ನಿಮ್ಮ ಜೊತೆ ನಿಲ್ಲುವುದಿಲ್ಲ, ಅರ್ಜಿಯ ಕೆಳಗಿನ ಸಹಿ ನಿಮ್ಮದು.

214(ಬಿ) ಎಂದರೆ ಏನೆಂದು ಜನ ಸರಿಯಾಗಿ ತಿಳಿದುಕೊಂಡಿಲ್ಲ. ಅರ್ಜಿದಾರರೆಲ್ಲ ಅಲ್ಲಿ ನೆಲೆಸಲೆಂದೇ ಬರುತ್ತಿದ್ದಾರೆ ಎಂದು ಕಾಯ್ದೆ ಮೊದಲೇ ಭಾವಿಸುತ್ತದೆ, ಅಲ್ಲವೆಂದು ಮನವರಿಕೆ ಮಾಡಿಕೊಡುವ ಹೊಣೆ ನಮ್ಮದು. ವಿಸಿಟರ್ ಆದವರಿಗೆ ಅಮೆರಿಕದ ಹೊರಗೆ, ಬಿಟ್ಟುಕೊಡುವ ಇರಾದೆಯಿಲ್ಲದ ವಾಸಸ್ಥಾನ ಒಂದಿರಬೇಕು. ಅದು ಹುಟ್ಟಿದ ದೇಶದಲ್ಲೇ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ. ನಿಮ್ಮ ಗಂಡ, ಮಗ, ಕೆಲಸ, ಬಾಡಿಗೆ ಕರಾರು, ತೆರಿಗೆ ಎಲ್ಲವೂ ಮಿಸಿಸಾಗಾದಲ್ಲಿವೆ. ಅದೇ ನಿಮ್ಮ ಮನೆ. ಅದನ್ನು ಬಿಟ್ಟು ಡೊಂಬಿವಲಿಯ ಫ್ಲ್ಯಾಟು ತೋರಿಸಿದರೆ, ಗಟ್ಟಿ ಗೋಡೆ ಬಿಟ್ಟು ಪರದೆಗೆ ಒರಗಿದಂತೆ. ಅರ್ಜಿಯಲ್ಲಿ ಮನೆಯ ವಿಳಾಸ ಬೇರೆ, ಅಂಚೆಯ ವಿಳಾಸ ಬೇರೆ ಬರೆಯಲು ಜಾಗವಿದೆ. ಮೊದಲನೆಯದರಲ್ಲಿ ಮಿಸಿಸಾಗಾ, ಎರಡನೆಯದರಲ್ಲಿ ಡೊಂಬಿವಲಿ. ಇಲ್ಲಿ ಏಕಿದ್ದೀರಿ ಎಂದು ಕೇಳಿದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಕೈಯಲ್ಲಿರಲಿ.

ಕಂಪನಿಯಿಂದ ಒಂದು ಪತ್ರ ತರಿಸಿಕೊಳ್ಳಿ. ರಜೆ ಎಂದಿನಿಂದ ಎಂದಿನವರೆಗೆ, ಯಾವ ತಾರೀಖಿಗೆ ಕೆಲಸಕ್ಕೆ ಮರಳಬೇಕು ಎಂಬುದು ಸ್ಪಷ್ಟವಾಗಿರಬೇಕು. ಕೆನಡಾದ ತೆರಿಗೆ ಇಲಾಖೆಯ ನೋಟಿಸ್ ಆಫ್ ಅಸೆಸ್‌ಮೆಂಟ್ ಎರಡು ವರ್ಷದ್ದು, ಮಗನ ಶಾಲೆಯ ಪತ್ರ, ಬಾಡಿಗೆ ಕರಾರು ಇಷ್ಟು ಸಾಕು. ಕೆಲವು ಸಲ ಒಂದು ಕಾಗದವನ್ನೂ ನೋಡುವುದಿಲ್ಲ. ಆದರೂ ಇರಲಿ, ಕೈಯಲ್ಲಿ ಕಾಗದವಿದ್ದರೆ ಮಾತು ತಡವರಿಸುವುದಿಲ್ಲ.

ಔಂಧ್‌ನ ಓದುಗಿ

ಅಕ್ಕಾ, ನಾನೂ ಕೆನಡಾದ ಪಿಆರ್. ತವರುಮನೆ ಪುಣೆಯ ಔಂಧ್. 2023ರಲ್ಲಿ ತಂದೆಯ ಕಣ್ಣಿನ ಚಿಕಿತ್ಸೆಗೆ ಬಂದಿದ್ದಾಗ ಮುಂಬೈಯಲ್ಲೇ ಅರ್ಜಿ ಹಾಕಿ ವೀಸಾ ಪಡೆದೆ. ಮೇಲೆ ಅಣ್ಣನವರು ಹೇಳಿದ್ದೆಲ್ಲ ಸರಿ. ಆ ದಿನಗಳು ಹೇಗಿರುತ್ತವೆ ಎಂದು ನಾನು ಹೇಳುತ್ತೇನೆ, ನಿಮ್ಮ ನಿದ್ದೆಗೆ ಅದರಿಂದ ಸ್ವಲ್ಪ ಸಹಾಯವಾದೀತು.

ಎರಡು ಭೇಟಿಗಳಿರುತ್ತವೆ. ಮೊದಲನೆಯದು ಬೆರಳಚ್ಚು ಮತ್ತು ಫೋಟೋಕ್ಕೆ, ಎರಡನೆಯದು ಕಾನ್ಸುಲೇಟಿನಲ್ಲಿ ಸಂದರ್ಶನ. ಫೋಟೋದಲ್ಲಿ ಕನ್ನಡಕ ಇರುವಂತಿಲ್ಲ, 2016ರ ನವೆಂಬರಿನಿಂದ ಆ ನಿಯಮವಿದೆ. ಸಂದರ್ಶನದ ದಿನ ಮೊಬೈಲನ್ನು ಒಳಗೆ ಬಿಡುವುದಿಲ್ಲ. ನಾನು ಪುಣೆಯಿಂದ ಒಬ್ಬಳೇ ಬಂದಿದ್ದೆ, ಫೋನನ್ನು ಎಲ್ಲಿಡುವುದೆಂದು ಗೇಟಿನ ಹೊರಗೆ ಅರ್ಧ ಗಂಟೆ ಪರದಾಡಿದೆ. ನೀವು ಮನೆಯಲ್ಲೇ ಬಿಟ್ಟು ಬನ್ನಿ, ಅಥವಾ ಯಾರನ್ನಾದರೂ ಜೊತೆಗೆ ಕರೆತನ್ನಿ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದರೆ ಅಲ್ಲಿಂದ ರಿಕ್ಷಾ. ಬೆಳಗಿನ ಹೊತ್ತು ರಿಕ್ಷಾದ ಸಾಲೂ ಉದ್ದವಿರುತ್ತದೆ, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಗಾಜಿನ ಆಚೆಯ ಅಧಿಕಾರಿ ನನ್ನನ್ನು ಮೂರೇ ಪ್ರಶ್ನೆ ಕೇಳಿದರು. ಅಮೆರಿಕದಲ್ಲಿ ಯಾರನ್ನು ನೋಡಲು ಹೋಗುತ್ತೀರಿ, ಕೆನಡಾದಲ್ಲಿ ಏನು ಮಾಡುತ್ತೀರಿ, ಮತ್ತೆ ಮುಂಬೈಯಲ್ಲಿ ಏಕೆ ಅರ್ಜಿ ಹಾಕಿದಿರಿ. ಮೂರನೆಯದಕ್ಕೆ ನಾನು ಸಿದ್ಧವಾಗಿರಲಿಲ್ಲ. ಇಲ್ಲಿಗೆ ಬಂದಿದ್ದೇ ಅಪ್ಪನಿಗಾಗಿ, ಇಲ್ಲಿರುವಾಗಲೇ ದಿನ ಸಿಕ್ಕಿತು, ಅದಕ್ಕೆ ಎಂದೆ. ಪಿಆರ್ ಕಾರ್ಡ್ ಕೇಳಿದರು. ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ ಮರಳಿ ಕೊಟ್ಟರು. ಎರಡು ನಿಮಿಷವೂ ಆಗಿರಲಿಲ್ಲ.

ಮರೆಯಬಾರದ ಮಾತೊಂದಿದೆ. ವೀಸಾ ಕೊಡುವುದೆಂದಾದರೆ ಪಾಸ್‌ಪೋರ್ಟನ್ನು ಅವರು ಇಟ್ಟುಕೊಳ್ಳುತ್ತಾರೆ. ಅದು ಕೈಗೆ ಬರುವವರೆಗೆ ನೀವು ಕೆನಡಾಕ್ಕೂ ಹೋಗುವಂತಿಲ್ಲ. 221(ಜಿ) ಎಂದು ಹೆಚ್ಚಿನ ಪರಿಶೀಲನೆಗೆ ಹಾಕಿದರೆ ಎಷ್ಟು ದಿನವೆಂದು ಹೇಳಲು ಬರುವುದಿಲ್ಲ. ಹಿಂದಿರುಗುವ ದಿನಕ್ಕೂ ಸಂದರ್ಶನಕ್ಕೂ ನಡುವೆ ಕಡಿಮೆಯೆಂದರೆ ಮೂರು ವಾರ ಬಿಡಿ. ಅಷ್ಟು ಅಂತರ ಸಿಗದಿದ್ದರೆ ಮುಂಬೈ ಬೇಡ, ಟೊರಾಂಟೊವೇ ಸರಿ.

ವಾಸ್ಕೊದ ನಾವಿಕ

ಕಾರವಾರದವನು, ಈಗ ವಾಸ್ಕೊದಲ್ಲಿದ್ದೇನೆ. ಚಿಕ್ಕ ಮಾತು. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರು ಪಾಸ್‌ಪೋರ್ಟ್ ಮತ್ತು ಕಾರ್ಡ್ ತೋರಿಸಿ ವೀಸಾ ಇಲ್ಲದೆ ಕೆನಡಾಕ್ಕೆ ಹೋಗಬಹುದು. ಕೆನಡಾದ ಪಿಆರ್ ಇದ್ದವರಿಗೆ ಅಮೆರಿಕ ಹಾಗೆ ಬಿಡುವುದಿಲ್ಲ. ನನ್ನ ತಮ್ಮ ಇದನ್ನು ತಿಳಿಯದೆ ಹೆಂಡತಿ ಮಕ್ಕಳೊಂದಿಗೆ ವಿಮಾನ ನಿಲ್ದಾಣಕ್ಕೆ ಹೋಗಿ ಕೌಂಟರಿನಿಂದ ವಾಪಸು ಬಂದ. ಟಿಕೆಟ್ಟಿನ ಹಣವೂ ಹೋಯಿತು, ಮಕ್ಕಳ ಅಳುವನ್ನು ಅವನು ಇಂದಿಗೂ ಹೇಳುತ್ತಾನೆ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ವೀಸಾ ಕೈಗೆ ಬರುವವರೆಗೆ ಅಮೆರಿಕದ ಟಿಕೆಟ್ ತೆಗೆಯಬೇಡಿ.

ಡೊಂಬಿವಲಿಯ ಧಾರವಾಡದವಳು

ಎಲ್ಲರಿಗೂ ಕೈಮುಗಿದೆ. ಅಣ್ಣನವರೇ, ನಿಮ್ಮ ಉತ್ತರವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮನೆ ಮಿಸಿಸಾಗಾ ಎಂದು ಬರೆಯಬೇಕೆಂಬ ಸಾಲು ಬಂದಾಗ ನನ್ನ ದನಿ ತಗ್ಗಿತು. ಅಮ್ಮ ಸೂಜಿಯಿಂದ ಕಣ್ಣೆತ್ತದೆ, "ಗಂಡ ಮಗ ಎಲ್ಲಿದ್ದಾರೋ ಅದೇ ಮನೆ, ಇದು ತವರು. ಇದರಲ್ಲಿ ಅಳುವುದೇನಿದೆ?" ಎಂದಳು. ಎರಡು ವಾರದಿಂದ ಅವಳೆದುರು ಆ ಊರಿನ ಹೆಸರೆತ್ತಲು ನಾನು ಹಿಂಜರಿಯುತ್ತಿದ್ದೆ.

ಡಿಎಸ್-160 ನಾನೇ ತುಂಬಿದೆ. ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಹೆಸರು, ಓಡಾಡಿದ ದೇಶಗಳು, ಎಲ್ಲವನ್ನೂ ನೆನಪಿಸಿಕೊಳ್ಳಲು ಒಂದು ಸಂಜೆ ಹಿಡಿಯಿತು. ದಿನ ಹುಡುಕುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ, ಯಾರೋ ರದ್ದು ಮಾಡಿದ್ದು ಕೆಲವೊಮ್ಮೆ ತೆರೆದಿರುತ್ತದೆ.

ಇನ್ನೊಂದು ಅಳುಕು. ನನ್ನ ಪಿಆರ್ ಕಾರ್ಡ್ 2026ರ ಜುಲೈ 9ಕ್ಕೆ ಮುಗಿಯುತ್ತದೆ. ಮದುವೆ ಜೂನ್ 20. ಇದು ತೊಂದರೆಯಾದೀತೇ? ಇಲ್ಲಿಂದಲೇ ನವೀಕರಿಸಬಹುದೇ?

ಮಾಟುಂಗಾದ ನಿವೃತ್ತ

ಇಲ್ಲಿಂದ ಆಗುವುದಿಲ್ಲ ತಂಗೀ. ಕಾರ್ಡ್ ನವೀಕರಣದ ಅರ್ಜಿಯನ್ನು ಕೆನಡಾದೊಳಗೆ ಇದ್ದುಕೊಂಡೇ ಹಾಕಬೇಕು. ಅವಧಿ ಮುಗಿಯಲು 9 ತಿಂಗಳಿಗಿಂತ ಕಡಿಮೆ ಇದ್ದರೆ ಅರ್ಜಿ ಹಾಕಬಹುದು, ನೀವು ಆಗಲೇ ಆ ಗಡಿಯೊಳಗಿದ್ದೀರಿ. ಫೆಬ್ರುವರಿಯಲ್ಲಿ ಇಳಿದ ವಾರವೇ ಆ ಕೆಲಸ ಮುಗಿಸಿ.

ಭಯ ಬೇಡ. ಕಾರ್ಡ್ ಮುಗಿದರೆ ಪಿಆರ್ ಮುಗಿಯುವುದಿಲ್ಲ. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿದ್ದರೆ ಆಯಿತು, ನಿಮ್ಮದು ಅದಕ್ಕಿಂತ ಎಷ್ಟೋ ಹೆಚ್ಚಿದೆ. ಆದರೆ ಹೊರದೇಶದಲ್ಲಿರುವಾಗ ಕಾರ್ಡ್ ಮುಗಿದರೆ ವಿಮಾನ ಹತ್ತಿಸುವುದಿಲ್ಲ. ಅದಕ್ಕೆ ಪಿಆರ್‌ಟಿಡಿ ಎಂಬ ಬೇರೆ ಪ್ರವಾಸ ಪತ್ರ ಮಾಡಿಸಬೇಕಾಗುತ್ತದೆ. ತಾಯಿಯ ಆರೋಗ್ಯ ನೋಡಿಕೊಂಡು ರಜೆ ಬೆಳೆಸುತ್ತಾ ಹೋದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಆ ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಮದುವೆಗೆ ಹೋಗುವಾಗ ಹಳೆಯ ಕಾರ್ಡ್ ಇನ್ನೂ ಚಾಲ್ತಿಯಲ್ಲಿರುತ್ತದೆ. ನವೀಕರಣಕ್ಕೆ ಹಾಕಿದ ಅರ್ಜಿಯ ಪ್ರತಿಯೂ ಕೈಚೀಲದಲ್ಲಿರಲಿ.

ವಿಮಾನದಲ್ಲಿ ಹೋದರೆ ಅಮೆರಿಕದ ವಲಸೆ ತಪಾಸಣೆ ಟೊರಾಂಟೊ ಪಿಯರ್ಸನ್ ನಿಲ್ದಾಣದಲ್ಲೇ ಮುಗಿಯುತ್ತದೆ. ಯಜಮಾನರ ಕಾರಿನಲ್ಲಿ ಹೋದರೆ ಗಡಿಯಲ್ಲಿ ನಿಮಗೆ ಮಾತ್ರ ಐ-94 ಎಂಬ ಪ್ರವೇಶ ದಾಖಲೆ ಮಾಡಿಸಬೇಕು. 2025ರ ಸೆಪ್ಟೆಂಬರ್ 30ರಿಂದ ಅದಕ್ಕೆ 30 ಡಾಲರ್, ಮೊದಲು 6 ಇತ್ತು. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ಆ ಐ-94ರ ತಾರೀಖೇ ಹೊರತು ವೀಸಾದ ಮೇಲಿನ ತಾರೀಖಲ್ಲ.

ಡೊಂಬಿವಲಿಯ ಧಾರವಾಡದವಳು

ಆರು ವಾರದ ಮೇಲೆ ಬರೆಯುತ್ತಿದ್ದೇನೆ. ವೀಸಾ ಸಿಕ್ಕಿತು, 10 ವರ್ಷದ್ದು.

ಜನವರಿಯಲ್ಲಿ ಒಂದು ದಿನ ತೆರೆದಿತ್ತು, ಹಿಡಿದೆ. ಹೊರಡುವ ದಿನಕ್ಕೆ ಐದು ವಾರದ ಅಂತರ ಉಳಿಯಿತು. ಫೋನನ್ನು ಅಮ್ಮನ ಬಳಿಯೇ ಬಿಟ್ಟು ಹೋದೆ. ಅಧಿಕಾರಿ ಮೊದಲು ಕೇಳಿದ್ದೇ 2006ರ ಬಗ್ಗೆ. ಆಗ ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಎಂದೆ. ತಲೆಯಾಡಿಸಿದರು. ಗಂಡ ಕೆನಡಾದ ಪ್ರಜೆ, ನೀವು ಏಕಲ್ಲ ಎಂದು ಕೇಳಿದರು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಉತ್ತರ ಮಾತ್ರ ನನ್ನೊಳಗೆ ಮೊದಲಿನಿಂದಲೂ ಇತ್ತು. ನನ್ನ ತಾಯಿ ಈ ದೇಶದಲ್ಲಿದ್ದಾಳೆ, ಅವಳಿರುವವರೆಗೆ ನಾನು ಈ ದೇಶದ ಪ್ರಜೆಯಾಗಿಯೇ ಇರಬೇಕೆಂದಿದ್ದೇನೆ ಎಂದೆ. ಹಾಗಾದರೆ ಮನೆ ಎಲ್ಲಿ ಎಂದರು. ಮಿಸಿಸಾಗಾ ಎಂದೆ. ಈ ಸಲ ದನಿ ತಗ್ಗಲಿಲ್ಲ. ಕಂಪನಿಯ ಪತ್ರವನ್ನು ಕೇಳಿ ತೆಗೆದುಕೊಂಡು, ಹಿಂದಿರುಗುವ ತಾರೀಖಿನ ಮೇಲೆ ಬೆರಳಿಟ್ಟು ಓದಿದರು. ಉಳಿದ ಕಾಗದಗಳನ್ನು ನೋಡಲಿಲ್ಲ. ಪಾಸ್‌ಪೋರ್ಟ್ ಎಂಟು ದಿನಕ್ಕೆ ಬಂತು.

ಆನೆಯ ಸಾಲಿನಲ್ಲಿ ಇನ್ನು ಮೂರು ಬಾಕಿ ಇವೆ. ಫೆಬ್ರುವರಿ 24ರೊಳಗೆ ಮುಗಿಸುತ್ತೇನೆ ಎಂದು ಅಮ್ಮ ಈಗ ಮಧ್ಯಾಹ್ನವೂ ಕೂರುತ್ತಿದ್ದಾಳೆ, ಬೇಡವೆಂದರೆ ಕೇಳುವುದಿಲ್ಲ.

ರಜೆಯ ಪತ್ರದಲ್ಲಿ ಏನೇನು ಬರೆಸಿದೆ ಎಂಬ ನಮೂನೆ ಯಾರಿಗಾದರೂ ಬೇಕಿದ್ದರೆ ಇಲ್ಲಿಯೇ ಕೇಳಿ, ಹೊರಡುವುದರೊಳಗೆ ಹಾಕುತ್ತೇನೆ.